ಮನೆ ನಾವೇ ಮಾರುವಾಗ ಕೊಳ್ಳುವವರ ಏಜೆಂಟಿಗೆ ಕಮಿಷನ್ ಕೊಡಲೇಬೇಕಾ?

ಅಮೆರಿಕದ ಡಾಲಸ್ ಹತ್ತಿರ ಫ್ರಿಸ್ಕೋದಲ್ಲಿ ಏಜೆಂಟ್ ಇಟ್ಟುಕೊಳ್ಳದೆ ಮನೆ ಮಾರುತ್ತಿದ್ದೀರಿ. ಕೊಳ್ಳುವವರ ಏಜೆಂಟ್ ಫೋನ್ ಮಾಡಿ "3% ನೀವೇ ಕೊಡಬೇಕು, ರೂಲ್ಸ್ ಇರೋದೇ ಹಾಗೆ" ಅಂದರಂತೆ. ಅಂಥ ರೂಲ್ಸ್ ಯಾವುದೂ ಇಲ್ಲ. ಕೊಡುವುದು ಬಿಡುವುದು ನಿಮಗೆ ಬಿಟ್ಟಿದ್ದು. ಹಾಗಂತ ಒಂದು ಪೈಸೆಯೂ ಕೊಡಲ್ಲ ಅಂತ ಈಗಲೇ ಹೇಳಿಬಿಡಬೇಡಿ. ನಾನೂ ಪಕ್ಕದ ಪ್ಲೇನೋದಲ್ಲಿ ಮನೆಯನ್ನು ಹೀಗೇ ಮಾರಿದವನು. ಆಫರ್ ಕೈಗೆ ಬರುವವರೆಗೆ ಈ ಮಾತಿಗೆ ಉತ್ತರ ಕೊಡುವ ಅಗತ್ಯವೇ ಇಲ್ಲ.

ಅವರು ಹಾಗೆ ಹೇಳುವುದಕ್ಕೆ ಹಳೆಯ ಅಭ್ಯಾಸವೇ ಕಾರಣ. ಬೆಂಗಳೂರಿನಲ್ಲಿ ಬ್ರೋಕರಿಗೆ ಕೊಳ್ಳುವವರೂ ಕೊಡುತ್ತಾರೆ, ಮಾರುವವರೂ ಕೊಡುತ್ತಾರೆ. ಇಲ್ಲಿ ಮಾರುವವರೇ ಸುಮಾರು 5-6% ಕೊಟ್ಟು, ಅದನ್ನು ಎರಡೂ ಕಡೆಯ ಏಜೆಂಟರು ಹಂಚಿಕೊಳ್ಳುವುದು ರೂಢಿಯಾಗಿತ್ತು. ಇದರ ವಿರುದ್ಧ ಮನೆ ಮಾರಿದವರೇ ಕೇಸ್ ಹಾಕಿದರು. 2023ರ ಅಕ್ಟೋಬರಿನಲ್ಲಿ ಮಿಸೌರಿಯ ಜ್ಯೂರಿ ಅವರ ಪರ ತೀರ್ಪು ಕೊಟ್ಟಿತು. ಮುಂದಿನ ವರ್ಷ ಏಜೆಂಟರ ರಾಷ್ಟ್ರೀಯ ಸಂಘವಾದ ನ್ಯಾಷನಲ್ ಅಸೋಸಿಯೇಷನ್ ಆಫ್ ರಿಯಲ್ಟರ್ಸ್ 41.8 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿ ಮಾಡಿಕೊಂಡಿತು.

ಆ ರಾಜಿಯಿಂದ 2024ರ ಆಗಸ್ಟ್ 17ಕ್ಕೆ ಜಾರಿಗೆ ಬಂದ ಒಂದು ನಿಯಮ ನಿಮಗೆ ತುಂಬಾ ಉಪಯೋಗಕ್ಕೆ ಬರುತ್ತದೆ. ಮನೆ ತೋರಿಸುವ ಮೊದಲೇ ಏಜೆಂಟ್ ತನ್ನ ಗಿರಾಕಿಯ ಜೊತೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ಕಮಿಷನ್ ಎಷ್ಟು ಅಂತ ಅದರಲ್ಲಿ ಇರಲೇಬೇಕು. ಅದಕ್ಕಿಂತ ಜಾಸ್ತಿ ಯಾರ ಕಡೆಯಿಂದಲೂ ತಗೊಳ್ಳುವಂತಿಲ್ಲ. ಅಲ್ಲಿ 2% ಅಂತಿದ್ದರೆ ನಿಮ್ಮ ಹತ್ತಿರ 3% ಕೇಳುವ ಹಾಗೇ ಇಲ್ಲ! ಆದ್ದರಿಂದ ನೇರವಾಗಿ ಕೇಳಿ: "ನಿಮ್ಮ ಗಿರಾಕಿ ಸಹಿ ಹಾಕಿರುವ ಒಪ್ಪಂದದಲ್ಲಿ ಎಷ್ಟಿದೆ?" ಸಂಕೋಚ ಬೇಡ, ದುಡ್ಡು ನಿಮ್ಮದು.

ಇನ್ನು ಲೆಕ್ಕ. ಮನೆಗೆ 5,00,000 ಡಾಲರ್ ಹೇಳಿದ್ದೀರಿ ಅಂದುಕೊಳ್ಳಿ. ಒಬ್ಬರು ಪೂರ್ತಿ ಬೆಲೆ ಕೊಡುತ್ತಾರೆ, ಆದರೆ ಅವರ ಏಜೆಂಟಿಗೆ 2.5% ನೀವು ಕೊಡಬೇಕು. 12,500 ಹೋಗಿ ನಿಮಗೆ ಉಳಿಯುವುದು 4,87,500. ಇನ್ನೊಬ್ಬರು 4,90,000ಕ್ಕೆ ಕೇಳುತ್ತಾರೆ, ಕಮಿಷನ್ ಅವರದೇ. ಉಳಿದ ಷರತ್ತುಗಳು ಒಂದೇ ಆಗಿದ್ದರೆ ಎರಡನೆಯದೇ ವಾಸಿ ಅಲ್ವಾ? ಪರ್ಸೆಂಟ್ ಬಗ್ಗೆ ಜಗಳ ಆಡಬೇಡಿ, ಕೊನೆಗೆ ಕೈಗೆ ಬರುವ ಮೊತ್ತ ನೋಡಿ.

ಕೊಳ್ಳುವವರ ಕಷ್ಟವೂ ನಿಜವೇ. ಡೌನ್ ಪೇಮೆಂಟಿಗೇ ಪರದಾಡುವ ಹೊಸ ಸಂಸಾರಗಳಿಗೆ ಏಜೆಂಟ್ ಫೀಸನ್ನು ಸಾಲಕ್ಕೆ ಸೇರಿಸಿಕೊಳ್ಳಲು ಸಾಮಾನ್ಯವಾಗಿ ಆಗುವುದಿಲ್ಲ, ಕೈಯಿಂದಲೇ ಹಾಕಬೇಕು. ಅದಕ್ಕೇ ನಿಮ್ಮನ್ನು ಕೇಳುತ್ತಾರೆ. ಖಡಾಖಂಡಿತವಾಗಿ ಆಗಲ್ಲ ಅಂದರೆ ಇಂಥ ಒಳ್ಳೆಯ ಗಿರಾಕಿಗಳು ಮನೆ ನೋಡದೆಯೇ ಹೋಗಿಬಿಡಬಹುದು. ಕಮಿಷನ್ನಿನಷ್ಟು ಬೆಲೆ ಏರಿಸೋಣ ಅಂತ ಅವರು ಅಂದರೆ ಒಪ್ಪಬಹುದು, ಆದರೆ ಬ್ಯಾಂಕಿನ ಅಪ್ರೈಸಲ್, ಅಂದರೆ ಸಾಲಕ್ಕಾಗಿ ಮಾಡಿಸುವ ಮನೆಯ ಬೆಲೆ ಅಂದಾಜು, ಅಷ್ಟಕ್ಕೆ ಬರಬೇಕು.

ಕೊಡುವುದು ಅಂತಾದರೆ ಬಾಯಿಮಾತು ಬೇಡ. ಏಜೆಂಟ್ ಒಂದೆರಡು ಪುಟದ ಕಾಗದ ಕಳಿಸುತ್ತಾರೆ. ಅದನ್ನು ಸಾಲು ಸಾಲಾಗಿ ಓದಿ. ಈ ಕೊಳ್ಳುವವರ ಹೆಸರು ಮಾತ್ರ ಇರಬೇಕು. ಮೊತ್ತ ಸ್ಪಷ್ಟವಾಗಿರಬೇಕು. ಕ್ಲೋಸಿಂಗ್, ಅಂದರೆ ಮಾರಾಟ ಪೂರ್ತಿಯಾಗಿ ಮನೆ ಅವರ ಹೆಸರಿಗೆ ಆದರೆ ಮಾತ್ರ ದುಡ್ಡು, ವ್ಯವಹಾರ ಮುರಿದುಬಿದ್ದರೆ ಇಲ್ಲ ಅಂತ ಬರೆದಿರಬೇಕು. ಮನೆ ಯಾರಿಗೆ ಮಾರಿದರೂ ತಮಗೆ ಕಮಿಷನ್ ಸಲ್ಲಬೇಕು ಅನ್ನುವಂಥ ಸಾಲು ಕಂಡರೆ ಸಹಿ ಹಾಕಬೇಡಿ. ಕೆಲವು ನೂರು ಡಾಲರ್ ಹೋದರೂ ಪರವಾಗಿಲ್ಲ, ಒಬ್ಬ ರಿಯಲ್ ಎಸ್ಟೇಟ್ ವಕೀಲರಿಗೆ ತೋರಿಸಿ.

ಇನ್ನೊಂದು ಮಾತು. ಕಮಿಷನ್ ನೀವು ಕೊಟ್ಟರೂ ಆ ಏಜೆಂಟ್ ಕೊಳ್ಳುವವರ ಕಡೆಯವರೇ. ಎಷ್ಟೇ ನಯವಾಗಿ ಮಾತಾಡಿದರೂ "ಊರಿಗೆ ವಾಪಸ್ ಹೋಗ್ತಿದ್ದೀವಿ, ಬೇಗ ಮಾರಬೇಕು" ಅಂತೆಲ್ಲ ಅವರ ಮುಂದೆ ಹೇಳಬೇಡಿ. ಹೇಳಿದ್ದು ಹಾಗೇ ಗಿರಾಕಿಗೆ ತಲುಪುತ್ತದೆ. ಪರಿಚಯದವರೇ ಏಜೆಂಟ್ ಇಲ್ಲದೆ ಬಂದರೆ ಈ ಕಮಿಷನ್ ಪ್ರಶ್ನೆಯೇ ಬರಲ್ಲ.

ದುಡ್ಡನ್ನು ನೀವು ಚೆಕ್ ಬರೆದು ಕೊಡಬೇಕಿಲ್ಲ. ಮಾರಾಟದ ದುಡ್ಡು, ಕಾಗದಪತ್ರ ನೋಡಿಕೊಳ್ಳುವ ಟೈಟಲ್ ಕಂಪನಿ ನಿಮ್ಮ ಪಾಲಿನಿಂದ ಮುರಿದುಕೊಂಡು ಕೊಡುತ್ತದೆ. ಕೊನೆಯ ಲೆಕ್ಕದ ಪಟ್ಟಿಯಾದ ಸೆಟಲ್‌ಮೆಂಟ್ ಸ್ಟೇಟ್‌ಮೆಂಟಿನಲ್ಲಿ ಆ ಸಾಲು ಒಪ್ಪಂದದಷ್ಟೇ ಇದೆಯಾ ನೋಡಿ, ಪ್ರತಿ ಎತ್ತಿಡಿ. ಟ್ಯಾಕ್ಸ್ ಲೆಕ್ಕದಲ್ಲಿ ಇದು ಮಾರಾಟದ ಖರ್ಚು, ಲಾಭದಿಂದ ಕಳೆಯಬಹುದು.

ಈಗ ಆ ಏಜೆಂಟಿಗೆ ವಾಪಸ್ ಫೋನ್ ಮಾಡಿ, ಕಮಿಷನ್ ಎಷ್ಟು ಅಂತ ಆಫರಿನಲ್ಲೇ ಬರೆದು ಕಳಿಸಿ, ನೋಡಿ ಹೇಳುತ್ತೇನೆ ಅನ್ನಿ.