ಕ್ರಿಯಾಟಿನಿನ್ 1.2 ಬಂದರೆ ಚಿಂತೆಯಿಲ್ಲವೆ?

ಪ್ರಶ್ನೆ: ನನ್ನ ತಾಯಿಗೆ 62 ವರ್ಷ, ಕಾಫಿ ತೋಟದಲ್ಲಿ ಕೆಲಸ. ಮಂಡಿನೋವಿಗೆಂದು ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ಮಾತ್ರೆ ತಂದು, ಹಣ್ಣು ಕೊಯ್ಯುವ ತಿಂಗಳುಗಳಲ್ಲಿ ದಿನವೂ ನುಂಗುತ್ತಾರೆ. ಬಿಪಿಗೆ ಟೆಲ್ಮಿಸಾರ್ಟನ್ ಮತ್ತು ಹೈಡ್ರೋಕ್ಲೋರೋಥಯಾಜೈಡ್ ಸೇರಿದ ಮಾತ್ರೆ ಇದೆ. ಎರಡು ವರ್ಷದ ಹಿಂದೆ 0.8 ಇದ್ದ ಕ್ರಿಯಾಟಿನಿನ್ ಈಗ 1.2 ಆಗಿದೆ. ಮೂತ್ರ ಸರಿಯಾಗಿ ಹೋಗುತ್ತದೆ, ಕಾಲು ಊದಿಲ್ಲ. ಸುಮ್ಮನಿರಬಹುದೆ?
– ಓದುಗರು, ಮೂಡಿಗೆರೆ

ಉತ್ತರ: ಸುಮ್ಮನಿರಬೇಡಿ. ಡೈಕ್ಲೋಫೆನಾಕನ್ನು ಇಂದೇ ನಿಲ್ಲಿಸಿ. ಬಿಪಿ ಮಾತ್ರೆಯನ್ನು ಮಾತ್ರ ನೀವಾಗಿಯೇ ಬಿಡಿಸದೆ, ಈ ವಾರದಲ್ಲೇ ವೈದ್ಯರಿಗೆ ತೋರಿಸಿ.

ಕ್ರಿಯಾಟಿನಿನ್ ಎಂದರೆ ಮೂತ್ರಪಿಂಡ ರಕ್ತದಿಂದ ಸೋಸಿ ಹೊರಹಾಕುವ ಕಸ; ಸೋಸುವುದು ಕುಂದಿದರೆ ಅದು ರಕ್ತದಲ್ಲಿ ಏರುತ್ತದೆ. 1.2 ಎಂಬುದು ನೋಡಲು ಚಿಕ್ಕ ಅಂಕಿ. ಆದರೆ ಈ ವಯಸ್ಸಿನ ಹೆಂಗಸರಲ್ಲಿ ಅದರಿಂದ ಲೆಕ್ಕ ಹಾಕುವ ಇಜಿಎಫ್‌ಆರ್, ಅಂದರೆ ಮೂತ್ರಪಿಂಡ ರಕ್ತವನ್ನು ಸೋಸುವ ವೇಗ, ಸುಮಾರು 50ಕ್ಕೆ ಬರುತ್ತದೆ, 0.8 ಇದ್ದಾಗ ಅದು 80ರ ಆಸುಪಾಸಿನಲ್ಲಿತ್ತು. ಸೋಸುವ ಶಕ್ತಿ ಬಹಳಷ್ಟು ಕುಂದುವವರೆಗೂ ನೋವಾಗಲಿ ಬಾವಾಗಲಿ ಕಾಣಿಸದಿರಬಹುದು, ಮೂತ್ರವೂ ಎಂದಿನಂತೆಯೇ ಹೋಗುತ್ತಿರಬಹುದು. ಆದ್ದರಿಂದ ಪ್ರಯೋಗಾಲಯ ಅಚ್ಚು ಹಾಕಿದ ಮಿತಿಗಿಂತ ತಾಯಿಯವರ ಹಳೆಯ ಅಂಕಿಯೇ ಇಲ್ಲಿ ಸರಿಯಾದ ಅಳತೆ.

ಮೂತ್ರಪಿಂಡದ ಸೋಸುಗಗಳಿಗೆ ರಕ್ತ ತರುವ ಕಿರುನಾಳವನ್ನು ತೆರೆದಿಡುವ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುವಿನ ತಯಾರಿಯನ್ನು ಡೈಕ್ಲೋಫೆನಾಕ್ ತಡೆಯುವುದರಿಂದ ಆ ನಾಳ ಬಿಗಿಯುತ್ತದೆ; ಟೆಲ್ಮಿಸಾರ್ಟನ್ ರಕ್ತ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ; ಹೈಡ್ರೋಕ್ಲೋರೋಥಯಾಜೈಡ್ ದೇಹದ ನೀರನ್ನೂ ಉಪ್ಪನ್ನೂ ಇಳಿಸುತ್ತದೆ. ಮೂರೂ ಸೇರಿದಾಗ, ಅದರಲ್ಲೂ ಬಿಸಿಲಿನಲ್ಲಿ ನೀರು ಕುಡಿಯದೆ ದುಡಿದ ದಿನ ಅಥವಾ ವಾಂತಿಭೇದಿಯಾದಾಗ, ಸೋಸಲು ಬೇಕಾದ ಒತ್ತಡವೇ ಕುಸಿಯುತ್ತದೆ. ಬಿಪಿ ಮಾತ್ರೆ ಕೆಟ್ಟದ್ದೆಂದು ಇದರ ಅರ್ಥವಲ್ಲ, ಅದು ಅವರಿಗೆ ಬೇಕಾದದ್ದೇ. ಅದರ ಜೊತೆಗೆ ಯಾರನ್ನೂ ಕೇಳದೆ ನೋವಿನ ಮಾತ್ರೆ ಸೇರಿಕೊಂಡದ್ದು ನನ್ನ ಆತಂಕ. ಅಸಿಕ್ಲೋಫೆನಾಕ್, ಐಬುಪ್ರೊಫೇನ್ ಕೂಡ ಇದೇ ಗುಂಪಿನವು. ಮಾತ್ರೆಯ ಬದಲು ಸೂಜಿ ಹಾಕಿಸಿಕೊಂಡರೂ ಅಪಾಯ ತಪ್ಪುವುದಿಲ್ಲ.

ಕ್ರಿಯಾಟಿನಿನ್ ಜೊತೆಗೆ ಪೊಟ್ಯಾಸಿಯಂ ಮತ್ತು ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದೆಯೇ ಎಂಬ ಪರೀಕ್ಷೆಯನ್ನೂ ಮಾಡಿಸಿ. ನೋವಿನ ಮಾತ್ರೆ ನಿಲ್ಲಿಸಿದ ಒಂದೆರಡು ವಾರದಲ್ಲಿ ಕ್ರಿಯಾಟಿನಿನ್ ಇಳಿದರೆ ಮಾತ್ರೆಯೇ ಕಾರಣವಾಗಿದ್ದಿರಬಹುದು, ಮತ್ತು ಬೇಗ ಗುರುತಿಸಿದ ಇಂಥ ಹಾನಿ ಎಷ್ಟೋ ಬಾರಿ ಸರಿಹೋಗುತ್ತದೆ. ಇಜಿಎಫ್‌ಆರ್ ಮೂರು ತಿಂಗಳಾದರೂ 60ಕ್ಕಿಂತ ಕೆಳಗೇ ಉಳಿದರೆ ಅದು ದೀರ್ಘಕಾಲದ ಮೂತ್ರಪಿಂಡ ಕಾಯಿಲೆ. ಆಗ ತಜ್ಞರನ್ನು ಕಾಣಬೇಕೆ ಎಂದು ವೈದ್ಯರನ್ನು ಕೇಳಿ.

ಮಂಡಿನೋವಿಗೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್, ತೊಡೆಯ ಸ್ನಾಯುಗಳಿಗೆ ವ್ಯಾಯಾಮ ಆಗಬಹುದು. ಆಸ್ಪತ್ರೆಗೆ ಹೋಗುವಾಗ 0.8 ಇದ್ದ ಆ ಹಳೆಯ ವರದಿಯನ್ನೂ, ಮನೆಯಲ್ಲಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ತಪ್ಪದೆ ಜೊತೆಗೆ ಒಯ್ಯಿರಿ.