ಜನಗಣತಿ ಯಾಕೆ ಗೃಹ ಸಚಿವಾಲಯದ ಕೈಯಲ್ಲಿದೆ?

ನಿಮ್ಮ ಪ್ರಶ್ನೆ ಒಳ್ಳೆಯದು. ಅಂಕಿಅಂಶಕ್ಕೇ ಒಂದು ಸಚಿವಾಲಯ ಇರುವಾಗ, ಜನಗಣತಿಯನ್ನು ಗೃಹ ಸಚಿವಾಲಯ ಯಾಕೆ ಮಾಡುತ್ತದೆ ಅಂತ ಕೇಳಿದ್ದೀರಿ.

ನಮ್ಮ ದೇಶದಲ್ಲಿ ಲೆಕ್ಕ ಇಡುವ ಕೆಲಸ ಒಂದೇ ಕಡೆ ಇಲ್ಲ. ಯಾವ ವಿಷಯ ಯಾರದ್ದೋ, ಆ ಲೆಕ್ಕವೂ ಹೆಚ್ಚಾಗಿ ಅವರದ್ದೇ. ಕೇಂದ್ರ ಮತ್ತು ರಾಜ್ಯಗಳಿಗೆ ವಿಷಯಗಳನ್ನು ಹಂಚಿಕೊಡುವ ಸಂವಿಧಾನದ 7ನೇ ಅನುಸೂಚಿಯಲ್ಲೇ ಇದರ ಬೇರು ಇದೆ. ಜನಗಣತಿ ಕೇಂದ್ರ ಪಟ್ಟಿಯ 69ನೇ ವಿಷಯ. ಅದಕ್ಕೆ 1948ರ ಪ್ರತ್ಯೇಕ ಕಾಯ್ದೆ ಇದೆ, ನಡೆಸುವುದು ಗೃಹ ಸಚಿವಾಲಯದ ಕೆಳಗಿನ ರಿಜಿಸ್ಟ್ರಾರ್ ಜನರಲ್ ಕಚೇರಿ. ನೀವು ಗಣತಿಯಲ್ಲಿ ಕೊಟ್ಟ ಉತ್ತರದ ದಾಖಲೆಯನ್ನು ಬೇರೆಯವರು ತೆಗೆದು ನೋಡುವಂತಿಲ್ಲ ಅಂತ ಆ ಕಾಯ್ದೆಯ 15ನೇ ಸೆಕ್ಷನ್ ಹೇಳುತ್ತದೆ. ಇದು ಜಾಸ್ತಿ ಜನರಿಗೆ ಗೊತ್ತಿರಬೇಕಾದ ವಿಷಯ.

ಬೆಲೆ ಏರಿಕೆಯ ಲೆಕ್ಕ ನೋಡಿ. ಗ್ರಾಹಕ ಬೆಲೆ ಸೂಚ್ಯಂಕ ಅಂಕಿಅಂಶ ಸಚಿವಾಲಯದ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯದ್ದು, ಸಗಟು ಬೆಲೆಯ ಸೂಚ್ಯಂಕ ವಾಣಿಜ್ಯ ಮತ್ತು ಕೈಗಾರಿಕೆ ಸಚಿವಾಲಯದ್ದು, ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕ ಕಾರ್ಮಿಕ ಸಚಿವಾಲಯದ ಲೇಬರ್ ಬ್ಯೂರೋದ್ದು. ಬೆಳೆಯ ಲೆಕ್ಕದ ಬಹುಪಾಲು ರಾಜ್ಯಗಳಿಂದ ಬರುತ್ತದೆ.

ಉಳಿದ ಸಮೀಕ್ಷೆಗಳಿಗೆ 2008ರ ಅಂಕಿಅಂಶ ಸಂಗ್ರಹ ಕಾಯ್ದೆ ಇದೆ. ಕೇಂದ್ರ, ರಾಜ್ಯ, ಸ್ಥಳೀಯ ಸಂಸ್ಥೆ ಎಲ್ಲರೂ ಅದನ್ನು ಬಳಸಬಹುದು.

ಹಾಗಾದರೆ ಇವರೆಲ್ಲರನ್ನೂ ಒಂದೇ ದಾರಿಗೆ ತರುವವರು ಯಾರು? ದೇಶದ ಅಂಕಿಅಂಶ ವ್ಯವಸ್ಥೆಯನ್ನು ಪರಿಶೀಲಿಸಿದ ರಂಗರಾಜನ್ ಆಯೋಗ 2001ರಲ್ಲಿ ಕಾನೂನಿನ ಬಲ ಇರುವ ಶಾಶ್ವತ ಆಯೋಗ ಬೇಕು ಅಂದಿತ್ತು. ಆದರೆ ರಾಷ್ಟ್ರೀಯ ಸಾಂಖ್ಯಿಕ ಆಯೋಗ ಹುಟ್ಟಿದ್ದು 2005ರ ಒಂದು ಸರ್ಕಾರಿ ನಿರ್ಣಯದಿಂದ. ಸಲಹೆ ಕೊಡಬಹುದು, ಸಚಿವಾಲಯಗಳು ಕೇಳಲೇಬೇಕು ಅಂತಿಲ್ಲ. ಕೆಲಸ ಹಂಚಿರುವುದು ನನಗೆ ತಪ್ಪು ಅನಿಸುವುದಿಲ್ಲ. ಆಯೋಗಕ್ಕೆ ಸಂಸತ್ತಿನ ಕಾಯ್ದೆಯ ಬಲ ಇಲ್ಲದಿರುವುದೇ ನಿಜವಾದ ಕೊರತೆ.