ಕೊರೆಯದೆ ತುಂಬಿದ ಹಲ್ಲು ಗಟ್ಟಿ ಇರುತ್ತಾ? ಹಲ್ಲಿನ ಸಾಮಗ್ರಿ ಮತ್ತು ಕೊರೊನಾ ಬಗ್ಗೆ ನಿಮ್ಮ ಪ್ರಶ್ನೆಗಳು

ಕೊರೊನಾದ ಜಾಗತಿಕ ತುರ್ತು ಪರಿಸ್ಥಿತಿ ಮುಗಿಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 2023ರ ಮೇ 5ರಂದು. ಆದರೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂರುವವರಿಗೂ ಅದರ ಪಕ್ಕ ನಿಂತು ಕೆಲಸ ಮಾಡುವವರಿಗೂ ಆಗ ಹುಟ್ಟಿದ ಅನುಮಾನಗಳು ಇನ್ನೂ ಉಳಿದಿವೆ. ಫಿಲ್ಲಿಂಗ್, ಸಿಮೆಂಟ್, ಅಚ್ಚು ತೆಗೆಯುವ ಸಾಮಗ್ರಿ, ಇವುಗಳ ಸಂಶೋಧನೆ ನನ್ನ ಕೆಲಸ. ಹಾಗಾಗಿ ಉತ್ತರಗಳೂ ಆ ಕಡೆಯಿಂದಲೇ ಬರುತ್ತವೆ.

ಪ್ರಶ್ನೆ: ಕೊರೊನಾ ಸಮಯದಲ್ಲಿ ನನ್ನ ಮಗಳ ಹಾಲುಹಲ್ಲುಗಳು ಹುಳುಕಾಗಿದ್ದವು. ಡಾಕ್ಟರು ಡ್ರಿಲ್ ಮುಟ್ಟಲೇ ಇಲ್ಲ. ಒಂದು ಹಲ್ಲಿಗೆ ಏನೋ ದ್ರವ ಹಚ್ಚಿದರು, ಅದು ಕಪ್ಪಾಯಿತು. ಇನ್ನೊಂದನ್ನು ಕೈಯಲ್ಲೇ ಕೆರೆದು ಸಿಮೆಂಟ್ ತುಂಬಿದರು. ಕೊರೊನಾ ಭಯಕ್ಕೆ ಅರ್ಧಂಬರ್ಧ ಕೆಲಸ ಮಾಡಿದರಾ?

ಉತ್ತರ: ಇಲ್ಲ, ಅದು ಪೂರ್ತಿ ಚಿಕಿತ್ಸೆಯೇ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಇಂಥ ಅನುಮಾನದಿಂದ ಚೆನ್ನಾಗಿರುವ ಫಿಲ್ಲಿಂಗ್ ತೆಗೆಸಿ ಮಕ್ಕಳ ಹಲ್ಲನ್ನು ಮತ್ತೆ ಕೊರೆಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಕೈಯಿಂದ ಕೆರೆದು ತುಂಬುವ ವಿಧಾನ ಕೊರೊನಾಗಿಂತ ತುಂಬಾ ಹಳೆಯದು. 1980ರ ದಶಕದ ನಡುವಿನಲ್ಲಿ ಯೋ ಫ್ರೆಂಕೆನ್ ಎಂಬ ದಂತವೈದ್ಯರು ಟಾಂಜಾನಿಯಾದಲ್ಲಿ ಇದನ್ನು ಶುರು ಮಾಡಿದರು. ಅಲ್ಲಿನ ಹಳ್ಳಿಗಳಲ್ಲಿ ಡ್ರಿಲ್ ನಡೆಸಲು ಕರೆಂಟ್ ಇರಲಿಲ್ಲ. ಹುಳುಕು ಹಿಡಿದು ಮೆತ್ತಗಾದ ಭಾಗವನ್ನು ಪುಟ್ಟ ಕೈ ಉಪಕರಣದಿಂದ ಕೆರೆದು ತೆಗೆದು, ಆ ಗುಳಿಗೆ ಸಿಮೆಂಟ್ ತುಂಬಿ ಬೆರಳಿನಿಂದ ಒತ್ತುತ್ತಿದ್ದರು. ಡ್ರಿಲ್ ಇಲ್ಲ ಅಂದರೆ ಅದನ್ನು ತಣ್ಣಗಿಡುವ ನೀರಿನ ತುಂತುರೂ ಇಲ್ಲ. ಬಡ ಹಳ್ಳಿಗಳಿಗೆಂದು ಹುಟ್ಟಿದ ಈ ವಿಧಾನ 2020ರಲ್ಲಿ ಇಡೀ ಜಗತ್ತಿಗೆ ಬೇಕಾಯಿತು.

ಇದು ಸಾಧ್ಯವಾಗಿದ್ದು ಸಿಮೆಂಟಿನ ಗುಣದಿಂದ. ಗ್ಲಾಸ್ ಅಯಾನೊಮರ್ ಎಂಬ ಈ ಸಿಮೆಂಟಿನ ಬಗ್ಗೆ ಲಂಡನ್ನಿನ ಸರ್ಕಾರಿ ಪ್ರಯೋಗಾಲಯದ ಅಲನ್ ವಿಲ್ಸನ್ ಮತ್ತು ಬ್ರಯನ್ ಕೆಂಟ್ 1972ರಲ್ಲಿ ಬರೆದರು. ಒಂದು ಕಡೆ ಫ್ಲೋರೈಡ್ ಇರುವ ಗಾಜಿನ ಪುಡಿ, ಇನ್ನೊಂದು ಕಡೆ ಪಾಲಿಅಕ್ರಿಲಿಕ್ ಆಮ್ಲ. ಎರಡನ್ನೂ ಕಲಸಿದರೆ ಆಮ್ಲ ಗಾಜಿನ ಜೊತೆಗೂ ವರ್ತಿಸುತ್ತದೆ, ಹಲ್ಲಿನ ಕ್ಯಾಲ್ಸಿಯಂ ಜೊತೆಗೂ ಬೆಸೆದುಕೊಳ್ಳುತ್ತದೆ. ಅದಕ್ಕೇ ಅದು ಹಲ್ಲಿಗೆ ತಾನಾಗಿ ಅಂಟುತ್ತದೆ, ಬೇರೆ ಅಂಟು ಬೇಕಿಲ್ಲ. ಕಲಸಿದ ಸಿಮೆಂಟನ್ನು ಹತ್ತಿರದಿಂದ ನೋಡಿದರೆ ಮೇಲ್ಮೈ ಒದ್ದೆಯಾದಂತೆ ಹೊಳೆಯುತ್ತಿರುತ್ತದೆ. ಆ ಹೊಳಪು ಇರುವಾಗಲೇ ಗುಳಿಗೆ ತುಂಬಬೇಕು. ಹೊಳಪು ಹೋಗಿ ಮಂಕಾಯಿತು ಅಂದರೆ ಹಲ್ಲಿಗೆ ಬೆಸೆಯಬೇಕಾದ ಆಮ್ಲ ಆಗಲೇ ಖರ್ಚಾಗಿದೆ ಎಂದರ್ಥ. ತುಂಬಿದರೂ ಸರಿಯಾಗಿ ಅಂಟುವುದಿಲ್ಲ. ಕೈಯಿಂದ ತುಂಬಿದ ಫಿಲ್ಲಿಂಗ್‌ಗಳು ಬೇಗ ಬಿದ್ದುಹೋಗುವುದಕ್ಕೆ ಎಷ್ಟೋ ಸಲ ಕಾರಣ ಇದೇ. ಬೈಗುಳ ಮಾತ್ರ ಸಿಮೆಂಟಿಗೆ ಬೀಳುತ್ತದೆ.

ಕಪ್ಪಾದ ಹಲ್ಲಿಗೆ ಹಚ್ಚಿದ್ದು ಬಹುಶಃ ಸಿಲ್ವರ್ ಡೈಅಮೈನ್ ಫ್ಲೋರೈಡ್. ಸಾಮಾನ್ಯವಾಗಿ ಶೇ 38ರ ದ್ರಾವಣ ಬಳಸುತ್ತಾರೆ. ಅದರ ಬೆಳ್ಳಿ ಹುಳುಕಿನ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಫ್ಲೋರೈಡ್ ಮೆತ್ತಗಾದ ಜಾಗವನ್ನು ಗಟ್ಟಿ ಮಾಡುತ್ತದೆ. ಹುಳುಕಾದ ಕಡೆ ಬೆಳ್ಳಿ ಕೂತು ಕಪ್ಪಾಗುತ್ತದೆ. ಆ ಜಾಗ ಕಪ್ಪಾಗಿ ಗಟ್ಟಿಯಾಗಿದ್ದರೆ ಹುಳುಕು ನಿಂತಿದೆ ಎಂಬುದಕ್ಕೆ ಅದು ಒಳ್ಳೆಯ ಸೂಚನೆ. ಮುಂದಿನ ಹಲ್ಲಿನಲ್ಲಾದರೆ ನೋಡಲು ಚೆನ್ನಾಗಿರುವುದಿಲ್ಲ, ನಿಜ. ಇದನ್ನು ಹಚ್ಚುವ ಮೊದಲೇ ಹೆತ್ತವರಿಗೆ ತಿಳಿಸಿ ಒಪ್ಪಿಗೆ ಕೇಳಬೇಕಿತ್ತು. ನಿಮಗೆ ಹೇಳಿರದಿದ್ದರೆ ನಿಮ್ಮ ಬೇಸರ ನ್ಯಾಯವೇ.

2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಸಿಮೆಂಟ್ ಮತ್ತು ಈ ದ್ರವ ಎರಡನ್ನೂ ತನ್ನ ಅಗತ್ಯ ಔಷಧಿಗಳ ಮಾದರಿ ಪಟ್ಟಿಗೆ ಸೇರಿಸಿತು. ಹಾಗಂತ ಎಲ್ಲ ಹಲ್ಲಿಗೂ ಇದೇ ಸಾಕು ಅಂತಲ್ಲ. ಹಲ್ಲಿನ ಎರಡು ಮೂರು ಮಗ್ಗುಲಿಗೆ ಹರಡಿದ ದೊಡ್ಡ ಗುಳಿಯಲ್ಲಿ ಗ್ಲಾಸ್ ಅಯಾನೊಮರ್ ಬೇಗ ಸವೆಯುತ್ತದೆ, ಒಡೆಯುತ್ತದೆ. ರಾತ್ರಿ ನೋವಿಗೆ ಮಗು ಎದ್ದು ಅಳುತ್ತಿದ್ದರೆ, ವಸಡಿನಲ್ಲಿ ಕೀವುಗುಳ್ಳೆ ಇದ್ದರೆ ಹಚ್ಚುವ ದ್ರವದಿಂದ ಏನೂ ಆಗುವುದಿಲ್ಲ, ಬೇರೆ ಚಿಕಿತ್ಸೆಯೇ ಬೇಕು. ನಿಮ್ಮ ಮಗಳಿಗೆ ನೋವಿಲ್ಲ, ಊತವಿಲ್ಲ, ಫಿಲ್ಲಿಂಗ್ ಅಲುಗಾಡುತ್ತಿಲ್ಲ ಎಂದಾದರೆ ಆಗಾಗ ತೋರಿಸುತ್ತಾ ಇರಿ, ಸಾಕು.

ಪ್ರಶ್ನೆ: ಡ್ರಿಲ್ ಹಾಕಿದಾಗ ಕೋಣೆ ತುಂಬಾ ತುಂತುರು ಹಾರುತ್ತದಲ್ಲ. ಹಲ್ಲಿನ ಆಸ್ಪತ್ರೆಗಳಿಂದಲೇ ಕೊರೊನಾ ಜಾಸ್ತಿ ಹರಡಿತಾ? ಮುಂದೆ ಇಂಥದ್ದೇ ಕಾಯಿಲೆ ಬಂದರೆ ಹೋಗಬಹುದಾ?

ಉತ್ತರ: 2020ರ ಆರಂಭದಲ್ಲಿ ಆ ಭಯಕ್ಕೆ ಕಾರಣ ಇತ್ತು. ಟರ್ಬೈನ್ ಡ್ರಿಲ್ ನಿಮಿಷಕ್ಕೆ 3ರಿಂದ 4 ಲಕ್ಷ ಸುತ್ತು ತಿರುಗುತ್ತದೆ. ಅದರ ಮೇಲೆ ನೀರು ಬೀಳುತ್ತಲೇ ಇರುತ್ತದೆ. ವೈರಸ್ ಜೊಲ್ಲಿನಲ್ಲಿ ಇರುತ್ತದೆ ಎಂಬುದೂ ಬೇಗ ಗೊತ್ತಾಯಿತು. ಹಾಗಾಗಿ ಎಲ್ಲರೂ ಹೆದರಿದರು. ಸೋಂಕು ಹರಡುತ್ತಿರುವ ಕಡೆ ತುರ್ತಲ್ಲದ ಹಲ್ಲಿನ ಚಿಕಿತ್ಸೆ ಮುಂದೂಡಿ ಎಂದು 2020ರ ಆಗಸ್ಟ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿತು.

ಆಮೇಲೆ ಬಂದ ಮಾಹಿತಿ ಸ್ವಲ್ಪ ಬೇರೆ ಚಿತ್ರ ಕೊಟ್ಟಿತು. 2020ರ ಜೂನ್‌ನಲ್ಲಿ ಅಮೆರಿಕದ ಸುಮಾರು 2,200 ದಂತವೈದ್ಯರ ಸಮೀಕ್ಷೆ ನಡೆಯಿತು. ಅವರಲ್ಲಿ ಸೋಂಕು ತಗುಲಿದ್ದವರು ಶೇ 1ಕ್ಕಿಂತ ಕಡಿಮೆ ಎಂದು ಅಂದಾಜಾಯಿತು. ಬಾಯಿಂದ ಒಂದೆರಡು ಗೇಣು ದೂರದಲ್ಲಿ ದಿನವಿಡೀ ಕೆಲಸ ಮಾಡುವವರ ಲೆಕ್ಕ ಇದು. 2021ರಲ್ಲಿ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದವರು ಚಿಕಿತ್ಸೆ ವೇಳೆ ಹಾರಿದ ತುಂತುರನ್ನು ಹಿಡಿದು ಅದರಲ್ಲಿನ ಸೂಕ್ಷ್ಮಜೀವಿಗಳು ಎಲ್ಲಿಂದ ಬಂದವೆಂದು ಹುಡುಕಿದರು. ಬಹುಪಾಲು ಡ್ರಿಲ್‌ಗೆ ಬಿಡುವ ನೀರಿನಿಂದಲೇ ಬಂದಿದ್ದವು. ಜೊಲ್ಲಿನ ಪಾಲು ತೀರಾ ಕಡಿಮೆ ಇತ್ತು. ಅಧ್ಯಯನದಲ್ಲಿದ್ದ ರೋಗಿಗಳು 28 ಜನ ಮಾತ್ರ, ಅದನ್ನು ನೆನಪಿಡಬೇಕು. ಆದರೂ ಡ್ರಿಲ್‌ಗೆ ಹೋಗುವ ನೀರಿನ ಕೊಳವೆಗಳನ್ನು ಶುಚಿಯಾಗಿಡುವುದು ಎಷ್ಟು ಮುಖ್ಯ ಎಂಬುದನ್ನು ಅದು ಚೆನ್ನಾಗಿ ತೋರಿಸಿತು. ತಿಂಗಳುಗಟ್ಟಲೆ ಮುಚ್ಚಿದ್ದ ಕ್ಲಿನಿಕ್‌ಗಳಲ್ಲಿ ಆ ಕೊಳವೆಗಳೊಳಗೆ ನೀರು ನಿಂತು ಪಾಚಿಯಂಥ ಪದರ ಬೆಳೆಯುತ್ತದೆ. ಬಾಗಿಲು ತೆಗೆದ ದಿನ ಮೊದಲು ಆಗಬೇಕಾದ ಕೆಲಸ ಅವುಗಳ ಶುದ್ಧಿ.

ಇನ್ನು ಗಾಳಿ. ಗಂಟೆಗೆ 6 ಸಲ ಗಾಳಿ ಬದಲಾಗುವ ಕೋಣೆಯಲ್ಲಿ ತೇಲುವ ಕಣಗಳ ಶೇ 99ರಷ್ಟು ಹೊರಹೋಗಲು ಸುಮಾರು 46 ನಿಮಿಷ ಬೇಕು. ಗಂಟೆಗೆ 12 ಸಲ ಬದಲಾದರೆ 23 ನಿಮಿಷ ಸಾಕು. ಅದಕ್ಕೂ ಮೊದಲು, ತುಂತುರು ಏಳುವ ಜಾಗದಲ್ಲೇ ದೊಡ್ಡ ಬಾಯಿಯ ಸಕ್ಷನ್ ಹಿಡಿದರೆ ಬಹುಪಾಲು ಅಲ್ಲೇ ಎಳೆದುಕೊಳ್ಳುತ್ತದೆ. ಒಂದು ಹಲ್ಲನ್ನಷ್ಟೇ ಹೊರಗಿಟ್ಟು ಉಳಿದ ಬಾಯಿ ಮುಚ್ಚುವ ರಬ್ಬರ್ ಹಾಳೆ 1864ರಿಂದಲೂ ಇದೆ. ಸ್ಯಾನ್‌ಫರ್ಡ್ ಬಾರ್ನಮ್ ಎಂಬ ದಂತವೈದ್ಯರು ಅದನ್ನು ಮೊದಲು ಬಳಸಿದರು. ಕೊರೊನಾ ಸಮಯದಲ್ಲಿ ದುಬಾರಿ ಯಂತ್ರಗಳಿಗೆ ತುಂಬಾ ಹಣ ಹೋಯಿತು. ಹಾಳೆ, ಸಕ್ಷನ್, ತೆರೆದ ಕಿಟಕಿ, ಸರಿಯಾದ ಮಾಸ್ಕ್ ಇವಿಷ್ಟನ್ನು ಶ್ರದ್ಧೆಯಿಂದ ಬಳಸಿದ ಕಡೆ ಕೆಲಸ ನಡೆಯಿತು. ಮುಂದೆ ಅಂಥ ಕಾಲ ಬಂದರೂ ನೋವಿದ್ದರೆ ಹೋಗಿ. ಕ್ಲಿನಿಕ್ಕಿನಲ್ಲಿ ಗಾಳಿ ಹೇಗೆ ಓಡಾಡುತ್ತದೆ ಅಂತ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಪ್ರಶ್ನೆ: ನಾನು ಡೆಂಟಲ್ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಕೊರೊನಾ ಶುರುವಾದಾಗಿನಿಂದ ಅಚ್ಚುಗಳನ್ನು ಗಂಟೆಗಟ್ಟಲೆ ಬ್ಲೀಚಿಂಗ್ ದ್ರಾವಣದಲ್ಲಿ ಮುಳುಗಿಸಿಟ್ಟು ಕಳಿಸುತ್ತಾರೆ. ಕ್ಯಾಪ್, ಸೆಟ್ ಯಾವುದೂ ಸರಿಯಾಗಿ ಕೂರುತ್ತಿಲ್ಲ. ತಪ್ಪು ನಮ್ಮ ತಲೆಗೆ ಬರುತ್ತಿದೆ.

ಉತ್ತರ: ನಿಮ್ಮ ಕಷ್ಟ ಅರ್ಥವಾಗುತ್ತದೆ. ಇಲ್ಲಿ ಯಾವ ಸಾಮಗ್ರಿ ಅಂತ ನೋಡದೆ ಎಲ್ಲದಕ್ಕೂ ಒಂದೇ ನಿಯಮ ಹಾಕಿದ್ದೇ ತೊಂದರೆ.

ಆಲ್ಜಿನೇಟ್ ಎಂಬ ಪುಡಿಯನ್ನು ನೀರಲ್ಲಿ ಕಲಸಿ ತೆಗೆದ ಅಚ್ಚಿನ ಬಹುಭಾಗ ನೀರೇ. ಹೊರಗೆ ಇಟ್ಟರೆ ಸ್ವಲ್ಪ ಹೊತ್ತಿಗೆ ಮೇಲೆ ಬೆವರಿದಂತೆ ಸಣ್ಣ ಹನಿಗಳು ಮೂಡುತ್ತವೆ. ಒಳಗಿನ ನೀರು ಹೊರಬಂದು ಅಚ್ಚು ಕುಗ್ಗುತ್ತಿದೆ ಎಂದರ್ಥ. ನೀರಲ್ಲಿ ಮುಳುಗಿಸಿಟ್ಟರೆ ಇದರ ಉಲ್ಟಾ, ನೀರು ಹೀರಿ ಊದಿಕೊಳ್ಳುತ್ತದೆ. ಗಂಟೆಗಟ್ಟಲೆ ಮುಳುಗಿದ ಆಲ್ಜಿನೇಟ್‌ನಲ್ಲಿ ಬಾಯಿಯ ಅಳತೆ ಉಳಿದಿರುವುದೇ ಇಲ್ಲ. ನೀವು ಎಷ್ಟು ನಾಜೂಕಾಗಿ ಕೆಲಸ ಮಾಡಿದರೂ ಕ್ಯಾಪ್ ಕೂರದು. ಪಾಲಿಈಥರ್ ಎಂಬ ರಬ್ಬರಿನಂಥ ಅಚ್ಚಿನ ಸಾಮಗ್ರಿ ಕೂಡ ನೀರು ಹೀರುತ್ತದೆ. ಅಡಿಷನ್ ಸಿಲಿಕೋನ್ ಎಂಬ ಇನ್ನೊಂದು ಅಚ್ಚಿನ ಸಾಮಗ್ರಿ ಮಾತ್ರ ಇದನ್ನೆಲ್ಲ ಚೆನ್ನಾಗಿ ತಡೆದುಕೊಳ್ಳುತ್ತದೆ.

ಗಂಟೆಗಟ್ಟಲೆ ಇಡುವ ಅಗತ್ಯವೂ ಇಲ್ಲ. ಕೊರೊನಾ ವೈರಸ್‌ನ ಹೊರಪದರ ಕೊಬ್ಬಿನದು. ಸೋಪು, ಆಲ್ಕೋಹಾಲ್, ಹೈಪೋಕ್ಲೋರೈಟ್ (ಬ್ಲೀಚಿನಲ್ಲಿರುವ ಕ್ಲೋರಿನ್ ರಾಸಾಯನಿಕ) ಎಲ್ಲಕ್ಕೂ ಅದು ಬೇಗ ಮಣಿಯುತ್ತದೆ. ಅಚ್ಚನ್ನು ಬಾಯಿಂದ ತೆಗೆದ ಕೂಡಲೇ ಹರಿಯುವ ನೀರಲ್ಲಿ ತೊಳೆಯಬೇಕು. ಈ ಹೆಜ್ಜೆಯನ್ನು ಜನ ಹಗುರವಾಗಿ ನೋಡುತ್ತಾರೆ. ರಕ್ತ, ಜೊಲ್ಲು ಅಂಟಿದ್ದರೆ ಕ್ಲೋರಿನ್ ಅದರ ಮೇಲೆಯೇ ಖರ್ಚಾಗಿಬಿಡುತ್ತದೆ, ವೈರಸ್‌ಗೆ ಉಳಿಯುವುದಿಲ್ಲ. ಆಮೇಲೆ ಶೇ 0.5ರ ಹೈಪೋಕ್ಲೋರೈಟ್ ದ್ರಾವಣದಲ್ಲಿ ಹೆಚ್ಚೆಂದರೆ 10 ನಿಮಿಷ. ಅಥವಾ ಅದನ್ನೇ ಎಲ್ಲ ಕಡೆ ಸ್ಪ್ರೇ ಮಾಡಿ, ಚೀಲದಲ್ಲಿ ಮುಚ್ಚಿ ಅಷ್ಟೇ ಹೊತ್ತು ಬಿಡುವುದು. ಮತ್ತೆ ತೊಳೆದು ತಡಮಾಡದೆ ಪ್ಲಾಸ್ಟರ್ ಹಾಕುವುದು. ಕೊನೆಯಲ್ಲಿ ತೊಳೆಯದಿದ್ದರೆ ಪ್ಲಾಸ್ಟರ್ ಮೇಲ್ಮೈ ಪುಡಿಪುಡಿಯಾಗುತ್ತದೆ, ಅದು ನಿಮಗೇ ಗೊತ್ತಿರುತ್ತದೆ.

ಕ್ಲಿನಿಕ್‌ನವರು ಚೀಲದ ಮೇಲೆ ಸಾಮಗ್ರಿ ಯಾವುದು, ಯಾವ ದ್ರಾವಣ, ಎಷ್ಟು ನಿಮಿಷ ಎಂದು ಬರೆದು ಕಳಿಸಲಿ. ಇಲ್ಲದಿದ್ದರೆ ಅಲ್ಲಿ ಒಮ್ಮೆ, ನಿಮ್ಮಲ್ಲಿ ಒಮ್ಮೆ, ಹೀಗೆ ಎರಡೆರಡು ಸಲ ಮುಳುಗುತ್ತದೆ. ಊದಿಕೊಂಡ ಅಚ್ಚು ಬಂದರೆ ವಾಪಸ್ ಕಳಿಸಿ, ಕಾರಣ ಬರೆದು ಕಳಿಸಿ.

ಪ್ರಶ್ನೆ: ನಾನು ದಂತವೈದ್ಯೆ. ಬೆಳಕು ಬಿಡುವ ಲೈಟ್ ಕ್ಯೂರ್ ಯಂತ್ರದ ತುದಿಗೆ ಪ್ಲಾಸ್ಟಿಕ್ ಕವರ್ ಹಾಕಿಯೇ ಕಾಂಪೊಸಿಟ್ (ಹಲ್ಲಿನ ಬಣ್ಣದ ಫಿಲ್ಲಿಂಗ್) ಗಟ್ಟಿ ಮಾಡುತ್ತೇನೆ. ಬೆಳಕು ಕಡಿಮೆಯಾಗುತ್ತಾ ಮೇಡಂ?

ಉತ್ತರ: ಆಗುತ್ತದೆ, ಡಾಕ್ಟ್ರೇ. ಎಷ್ಟು ಎಂಬುದು ಕವರ್ ಮೇಲೆ ನಿಂತಿದೆ. ತೆಳ್ಳಗಿನ ಪಾರದರ್ಶಕ ಕವರ್ ಬಿಗಿಯಾಗಿ ಕೂತರೆ ಸ್ವಲ್ಪವೇ ಕಡಿಮೆಯಾಗುತ್ತದೆ. ಸುಕ್ಕಾಗಿದ್ದರೆ, ಹೊಲಿಗೆಯಂಥ ಗೆರೆ ತುದಿಯ ನಡುವೆ ಬಂದರೆ ಜಾಸ್ತಿ ಕಡಿಮೆಯಾಗುತ್ತದೆ. ಅಪಾಯ ಏನೆಂದರೆ ಫಿಲ್ಲಿಂಗಿನ ಮೇಲ್ಭಾಗ ಗಟ್ಟಿಯಾಗಿಯೇ ಸಿಗುತ್ತದೆ, ತಳ ಹಸಿಯಾಗಿ ಉಳಿದಿರುತ್ತದೆ. ಪ್ರೋಬ್ ಎಂಬ ಚೂಪು ಕಡ್ಡಿಯಲ್ಲಿ ಮೇಲೆ ಗೀರಿ ನೋಡಿದರೆ ಅದು ಗೊತ್ತಾಗುವುದಿಲ್ಲ. ಬೆಳಕು ಅಳೆಯುವ ರೇಡಿಯೋಮೀಟರ್‌ನಲ್ಲಿ ಕವರ್ ಇಲ್ಲದೆ ಒಮ್ಮೆ, ಹಾಕಿ ಒಮ್ಮೆ ಅಳೆಯಿರಿ. ಕಡಿಮೆಯಾದಷ್ಟಕ್ಕೆ ಸಮಯ ಹೆಚ್ಚಿಸಿ. ಮಾಮೂಲಿ ಕಾಂಪೊಸಿಟ್ ಆದರೆ ಪದರ 2 ಮಿಲಿಮೀಟರ್ ದಾಟದಿರಲಿ. ಕವರ್ ಮಾತ್ರ ಬಿಡಬೇಡಿ. ಕೊರೊನಾ ಹೋದರೂ ಹೆಪಟೈಟಿಸ್ ಬಿ ಹೋಗಿಲ್ಲ.

ಪ್ರಶ್ನೆ: ಬೆಟಾಡಿನ್‌ನಲ್ಲಿ ಬಾಯಿ ಮುಕ್ಕಳಿಸಿದರೆ ಕೊರೊನಾ ಬರಲ್ಲ ಅಂತಾರೆ. ನಿಜಾನಾ?

ಉತ್ತರ: ಪ್ರಯೋಗಾಲಯದ ಕೊಳವೆಯಲ್ಲಿ ಬೆಟಾಡಿನ್‌ನಲ್ಲಿರುವ ಪೊವಿಡೋನ್ ಅಯೋಡಿನ್ ಈ ವೈರಸ್ಸನ್ನು 15ರಿಂದ 30 ಸೆಕೆಂಡ್‌ಗಳಲ್ಲಿ ನಿಷ್ಕ್ರಿಯ ಮಾಡಿತು. ಆದರೆ ಬಾಯಿ ಕೊಳವೆಯಲ್ಲ. ವೈರಸ್ ಮೂಗಿನಲ್ಲಿ, ಗಂಟಲಲ್ಲಿ, ಜೊಲ್ಲಿನ ಗ್ರಂಥಿಗಳ ಒಳಗೂ ಇರುತ್ತದೆ. ಮುಕ್ಕಳಿಸಿದ ಸ್ವಲ್ಪ ಹೊತ್ತಿಗೆ ಹೊಸ ಜೊಲ್ಲು ಬರುತ್ತದೆ. ಚಿಕಿತ್ಸೆಗೆ ಮುಂಚೆ ಡಾಕ್ಟರು ಮುಕ್ಕಳಿಸಲು ಕೊಟ್ಟರೆ ಸರಿ. ಮನೆಯಲ್ಲಿ ದಿನವೂ ಮಾಡುವುದು ಬೇಡ. ಥೈರಾಯ್ಡ್ ತೊಂದರೆ ಇರುವವರು, ಗರ್ಭಿಣಿಯರು, ಅಯೋಡಿನ್ ಅಲರ್ಜಿ ಇರುವವರು ಕೇಳದೆ ಬಳಸಲೇಬಾರದು. ಲಸಿಕೆ ಮತ್ತು ಮಾಸ್ಕ್ ಮಾಡುವ ಕೆಲಸವನ್ನು ಇದು ಮಾಡುವುದಿಲ್ಲ.

ಪ್ರಶ್ನೆ: ಅಪ್ಪನ ಹಲ್ಲುಸೆಟ್ಟನ್ನು ಕುದಿಯುವ ನೀರಿಗೆ ಹಾಕಿ ಶುದ್ಧ ಮಾಡಬಹುದಾ?

ಉತ್ತರ: ಬೇಡ. ಅದು ಅಕ್ರಿಲಿಕ್, ಬಿಸಿಗೆ ಸೊಟ್ಟಗಾಗುತ್ತದೆ. ಮೆತ್ತನೆ ಬ್ರಷ್, ಸೋಪಿನ ನೀರಲ್ಲಿ ಉಜ್ಜಿ ಚೆನ್ನಾಗಿ ತೊಳೆಯಿರಿ. ಸೆಟ್ಟಿನಲ್ಲಿ ಲೋಹದ ಭಾಗ ಇದ್ದರೆ ಬ್ಲೀಚ್ ಕೂಡ ಬೇಡ, ಲೋಹ ತಿನ್ನುತ್ತದೆ. ರಾತ್ರಿ ಮಲಗುವಾಗ ಬಾಯಿಂದ ತೆಗೆದು ನೀರಲ್ಲಿಡಿ.

ಪ್ರಶ್ನೆ: ನಾನು ದಂತ ಸಾಮಗ್ರಿ ವಿಭಾಗದ ಎಂಡಿಎಸ್ (ದಂತವೈದ್ಯಕೀಯ ಸ್ನಾತಕೋತ್ತರ) ವಿದ್ಯಾರ್ಥಿ. ವೈರಸ್ ಕೊಲ್ಲುವ ನ್ಯಾನೊ ಲೇಪನದ ಕ್ಯಾಪ್ ಮಾಡಬೇಕೆಂದಿದ್ದೇನೆ. ಒಳ್ಳೆಯ ವಿಷಯವಾ?

ಉತ್ತರ: ನಿಮ್ಮ ಉತ್ಸಾಹ ಇಷ್ಟವಾಯಿತು. ಆದರೆ ಒಂದು ಪ್ರಶ್ನೆ ಹಾಕಿಕೊಳ್ಳಿ. ಕ್ಯಾಪ್ ಬಾಯಿಗೆ ಹೋದ ಕೆಲವೇ ನಿಮಿಷಗಳಲ್ಲಿ ಜೊಲ್ಲಿನ ಪ್ರೊಟೀನ್ ಅದರ ಮೇಲೆ ಪೊರೆ ಕಟ್ಟುತ್ತದೆ. ನಿಮ್ಮ ಲೇಪನ ಆ ಪೊರೆಯ ಕೆಳಗೆ ಸಿಕ್ಕಿಕೊಳ್ಳುತ್ತದೆ. ಅಲ್ಲಿಂದ ಅದು ಯಾವ ವೈರಸ್ಸನ್ನು ಮುಟ್ಟಬಲ್ಲದು? ಜನರಿಗೆ ಕೊರೊನಾ ತಗುಲಿದ್ದು ಮುಖ್ಯವಾಗಿ ಉಸಿರಾಡಿದ ಗಾಳಿಯಿಂದ. ಕ್ಯಾಪ್‌ನ ಮೇಲ್ಮೈ ಅದಕ್ಕೆ ದಾರಿಯೇ ಆಗಿರಲಿಲ್ಲ.

ಇನ್ನೊಂದು ಕಡೆ ನೋಡಿ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಲೆಕ್ಕದಂತೆ ಜಗತ್ತಿನಲ್ಲಿ ಸುಮಾರು 350 ಕೋಟಿ ಜನರಿಗೆ ಬಾಯಿಯ ಕಾಯಿಲೆಗಳಿವೆ. ಕೊರೊನಾ ಕಾಲದಲ್ಲಿ ಚಿಕಿತ್ಸೆ ನಿಂತಾಗ ಇವರಲ್ಲಿ ಎಷ್ಟೋ ಜನ ನೋವು ನುಂಗಿಕೊಂಡು ಕೂತರು. ಅವರಿಗೆ ಬೇಕಿದ್ದುದು ಡ್ರಿಲ್ ಇಲ್ಲದೆ, ಕರೆಂಟ್ ಇಲ್ಲದೆ, ತುಂತುರು ಹಾರದೆ ಹಾಕಬಹುದಾದ, ಬಾಳಿಕೆ ಬರುವ ಫಿಲ್ಲಿಂಗ್. ಗ್ಲಾಸ್ ಅಯಾನೊಮರ್ ದೊಡ್ಡ ಗುಳಿಯಲ್ಲಿ ಯಾಕೆ ಒಡೆಯುತ್ತದೆ, ಒದ್ದೆಯಾದ ಬಾಯಲ್ಲೂ ಅದನ್ನು ಗಟ್ಟಿ ಮಾಡುವುದು ಹೇಗೆ, ಕಪ್ಪಾಗದ ಸಿಲ್ವರ್ ಫ್ಲೋರೈಡ್ ಸಾಧ್ಯವಾ, ಇವುಗಳಲ್ಲಿ ಯಾವುದನ್ನು ಹಿಡಿದರೂ ಎಂಡಿಎಸ್ ಪ್ರಬಂಧಕ್ಕೆ ಬೇಕಾದಷ್ಟು ಕೆಲಸ ಇದೆ. ಮೊದಲನೆಯದರಿಂದ ಶುರು ಮಾಡಿ. ಬಿದ್ದುಹೋದ ಫಿಲ್ಲಿಂಗ್‌ಗಳನ್ನು ಎಸೆಯದೆ ಎತ್ತಿಡಲು ನಿಮ್ಮ ಆಸ್ಪತ್ರೆಯವರಿಗೆ ಹೇಳಿ. ಬಿರುಕು ಸಿಮೆಂಟಿನ ಒಳಗೇ ಬಿಟ್ಟಿದೆಯೋ ಹಲ್ಲಿಗೆ ಅಂಟಿದ ಕಡೆ ಬಿಟ್ಟಿದೆಯೋ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ.